ಮೈದಾನದ ಲೆಕ್ಕ, ಮನೆಯ ಮಾತು

(ಯಲಹಂಕದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

2020ರ ಅಕ್ಟೋಬರ್ 12, ಸೋಮವಾರ. ಬೆಳಗಿನ ಜಾವ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಾರ್ಲ್‌ಟನ್ ಚಾಪ್‌ಮನ್ ತೀರಿಕೊಂಡರು. ವಯಸ್ಸು 49. ಹಿಂದಿನ ರಾತ್ರಿ ಬೆನ್ನು ನೋವು ಅಂದಿದ್ದರು. ಆಸ್ಪತ್ರೆಗೆ ಸೇರಿಸಿದ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದಿತ್ತು. ಹೃದಯಸ್ತಂಭನ ಎಂದು ಪತ್ರಿಕೆಗಳು ಬರೆದವು. ಅದು ಕೊರೊನಾ ಕಾಲ. ಯಾರು ಹೋದರೂ ಮೊದಲು ಕೇಳಿಬರುತ್ತಿದ್ದ ಮಾತು ಒಂದೇ: ‘ಏನಾಗಿತ್ತಂತೆ?’

ಚಾಪ್‌ಮನ್ ಬೆಂಗಳೂರಿನ ಹುಡುಗ. 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಈಸ್ಟ್ ಬೆಂಗಾಲ್ ಅಂಗಿ ತೊಟ್ಟು, ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. 6–2ರ ಆ ಗೆಲುವನ್ನು ಕೋಲ್ಕತ್ತದ ಹಳಬರು ಈಗಲೂ ಎತ್ತಿ ಆಡುತ್ತಾರೆ. ಜೆಸಿಟಿಯಲ್ಲಿ ವಿಜಯನ್, ಭುಟಿಯಾ ಜೊತೆಗೂಡಿ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 1997ರಲ್ಲಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದ ನಾಯಕ ಅವರೇ. 2001ರಲ್ಲಿ ಈಸ್ಟ್ ಬೆಂಗಾಲ್ ನಾಯಕರಾಗಿ ಮತ್ತೊಮ್ಮೆ ಲೀಗ್ ಗೆದ್ದು ಬೂಟು ಬಿಚ್ಚಿಟ್ಟರು. ಅಲ್ಲಿಂದ ಮುಂದಿನ ಬದುಕೆಲ್ಲ ಕೋಚಿಂಗ್: ತಾವು ಕಲಿತ ಟಾಟಾ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ನಮ್ಮದೇ ಊರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವಾ, ಕೋಯಿಕ್ಕೋಡಿನ ಕ್ವಾರ್ಟ್ಜ್.

ಆ ವಾರದ ಶ್ರದ್ಧಾಂಜಲಿಗಳ ತುಂಬ ಆಟಗಾರ ಚಾಪ್‌ಮನ್ ಇದ್ದರು. ಕೋಚ್ ಚಾಪ್‌ಮನ್‌ಗೆ ಸಿಕ್ಕಿದ್ದು ಹೀಗೆ ಕ್ಲಬ್ಬುಗಳ ಹೆಸರಿನ ಒಂದು ಸಾಲು ಮಾತ್ರ. ಹದಿನಾರರ ಹುಡುಗನಿಗೆ ಅವರು ಚೆಂಡು ತಡೆಯುವುದನ್ನು ಹೇಗೆ ಹೇಳಿಕೊಟ್ಟರು, ಸೋತ ಮ್ಯಾಚ್‌ನ ಮಾರನೆಯ ದಿನ ಅಭ್ಯಾಸವನ್ನು ಎಲ್ಲಿಂದ ಶುರು ಮಾಡುತ್ತಿದ್ದರು, ತಂಡದಿಂದ ಕೈಬಿಟ್ಟ ಹುಡುಗನನ್ನು ಕರೆದು ಏನು ಹೇಳುತ್ತಿದ್ದರು ಎಂಬುದನ್ನು ಬರೆಯುವವರು ಕಡಿಮೆ.

ಈ ಉಪನ್ಯಾಸ ಹೇಳಹೊರಟಿರುವುದು ಇಷ್ಟನ್ನೇ. ಕೋಚ್ ಸತ್ತಾಗ ಅವರ ಕಾಯಿಲೆಯ ಮೇಲೆ ಜನ ಮುಗಿಬೀಳುವುದಕ್ಕೆ ಮುಖ್ಯ ಕಾರಣ, ಅವರ ಕೆಲಸದ ದಾಖಲೆ ನಮ್ಮ ಕೈಯಲ್ಲಿ ಇಲ್ಲದಿರುವುದು. ಹೇಳಲು ಬೇರೇನೂ ಇಲ್ಲದಾಗ ಸಾವೇ ಸುದ್ದಿಯಾಗುತ್ತದೆ. ಸಾವು ಸುದ್ದಿಯಾದ ಮೇಲೆ ಮನೆಯವರ ಬಾಯಿಂದ ಯಾವ ಆಸ್ಪತ್ರೆ, ಯಾವ ರೋಗ, ಎಷ್ಟು ದಿನದಿಂದ ಎಂದು ಹೊರಡಿಸುವವರೆಗೆ ಸಮಾಧಾನವಿರುವುದಿಲ್ಲ.

ಭಾರತದ ಫುಟ್‌ಬಾಲ್‌ನಲ್ಲಿ ಕೆಲಸವೂ ಕಾಯಿಲೆಯೂ ಒಟ್ಟಿಗೆ ನೆನಪಿನಲ್ಲಿ ಉಳಿದ ಒಬ್ಬ ಕೋಚ್ ಎಂದರೆ ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಹುಟ್ಟಿದವರು, ಹೈದರಾಬಾದಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಎಲ್ಲರ ಬಾಯಲ್ಲೂ ‘ರಹೀಂ ಸಾಬ್’. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆದದ್ದು, 1960ರಲ್ಲಿ ರೋಮ್‌ನಲ್ಲಿ ಫ್ರಾನ್ಸನ್ನು 1–1ಕ್ಕೆ ತಡೆದದ್ದು ಎಲ್ಲವೂ ಅವರ ಕೈಕೆಳಗೆ. ಮೈಸೂರು ರಾಜ್ಯದಿಂದ ಬಂದ ಕೆಂಪಯ್ಯ ಮೆಲ್ಬರ್ನ್, ರೋಮ್ ಎರಡೂ ತಂಡಗಳಲ್ಲಿದ್ದರು. ಹೈದರಾಬಾದ್ ಮೂಲದ ಅಹ್ಮದ್ ಹುಸೇನ್ ಮೆಲ್ಬರ್ನ್ ತಂಡದ ಡಿಫೆಂಡರ್. ಅವರು 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಕೊರೊನಾದಿಂದ ತೀರಿಕೊಂಡರು. ಆ ಎರಡನೆಯ ಅಲೆಯಲ್ಲಿ ಒಲಿಂಪಿಯನ್ ಒಬ್ಬರು ಹೋದದ್ದು ಅದೇ ಊರಿನ ಎಷ್ಟೋ ಜನಕ್ಕೆ ತಿಳಿಯಲೂ ಇಲ್ಲ.

ರಹೀಂ ಅವರ ಕೆಲಸದ ವಿವರ ಉಳಿದಿದೆ ಎಂಬುದೇ ದೊಡ್ಡದು. ಅವರು ಹೈದರಾಬಾದಿನಲ್ಲಿ ಮಕ್ಕಳಿಗೆ ವಿಚಿತ್ರ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬಲ್ ಮಾಡುವ ಹಾಗೇ ಇಲ್ಲ. ಚೆಂಡು ಕಾಲಿಗೆ ಬಂದೊಡನೆ ಪಾಸ್ ಕೊಡಬೇಕು. ಇದರ ಪರಿಣಾಮ ಏನಾಗುತ್ತದೆ ಎಂದು ಯಾವುದಾದರೂ ಮೈದಾನದಲ್ಲಿ ಹತ್ತು ನಿಮಿಷ ಮಾಡಿಸಿ ನೋಡಿದರೆ ಗೊತ್ತಾಗುತ್ತದೆ: ಚೆಂಡು ಇಟ್ಟುಕೊಂಡವನಿಗಿಂತ ಇಲ್ಲದವರೇ ಹೆಚ್ಚು ಓಡಬೇಕಾಗುತ್ತದೆ, ಕೂಗಬೇಕಾಗುತ್ತದೆ, ಜಾಗ ಹುಡುಕಬೇಕಾಗುತ್ತದೆ. ನಿಂತು ನೋಡುವವನಿಗೆ ಅಲ್ಲಿ ಕೆಲಸವಿಲ್ಲ. ಇನ್ನೊಂದು ಪಂದ್ಯಾವಳಿಯಲ್ಲಿ ಬಲಗಾಲಿನವನು ಎಡಗಾಲಲ್ಲೇ, ಎಡಗಾಲಿನವನು ಬಲಗಾಲಲ್ಲೇ ಒದೆಯಬೇಕು. ಐದಡಿಗಿಂತ ಕುಳ್ಳಗಿರುವವರಿಗೆಂದೇ ಮತ್ತೊಂದು. ಬರಿಗಾಲಿನಲ್ಲಿ, ಒಂಟಿ ಡ್ರಿಬಲ್‌ನಲ್ಲಿ ಮುಳುಗಿದ್ದ ಅಂದಿನ ಆಟವನ್ನು ಅವರು ತಿರುಗಿಸಿದ್ದು ಭಾಷಣದಿಂದ ಅಲ್ಲ, ಇಂಥ ನಿಯಮಗಳಿಂದ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಇಸ್ರೇಲ್, ತೈವಾನ್ ಕ್ರೀಡಾಪಟುಗಳಿಗೆ ಆತಿಥೇಯರು ಪ್ರವೇಶ ಕೊಡದಿದ್ದುದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಊರಿಗೆ ಊರೇ ಭಾರತದ ಮೇಲೆ ಕೆರಳಿತ್ತು. ಲಕ್ಷದಷ್ಟು ಜನ ತುಂಬಿದ್ದ ಕ್ರೀಡಾಂಗಣ ಭಾರತದ ಹುಡುಗರನ್ನು ಹೀಯಾಳಿಸುತ್ತಿತ್ತು. ತಲೆಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ರಹೀಂ ಸೆಂಟರ್ ಫಾರ್ವರ್ಡ್ ಜಾಗಕ್ಕೆ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. ದಕ್ಷಿಣ ಕೊರಿಯಾ ವಿರುದ್ಧ 2–1. ಆ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಸಿಕ್ಕಿಲ್ಲ.

ಅದಾಗಿ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ರಹೀಂ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. 53 ವರ್ಷ.

ಅರವತ್ತು ವರ್ಷ ಕಳೆದ ಮೇಲೆ, 2024ರ ಏಪ್ರಿಲ್‌ನಲ್ಲಿ ‘ಮೈದಾನ್’ ಸಿನಿಮಾ ಬಂತು. ರಹೀಂ ಆಗಿ ಅಜಯ್ ದೇವಗನ್, ಅವರ ಪತ್ನಿಯಾಗಿ ನಮ್ಮ ಬೆಂಗಳೂರಿನ ಪ್ರಿಯಾಮಣಿ. ಬಿಡುಗಡೆಯ ಹೊಸ್ತಿಲಲ್ಲಿ ಮೈಸೂರಿನ ನ್ಯಾಯಾಲಯ ಚಿತ್ರಕ್ಕೆ ತಡೆ ಕೊಟ್ಟಿತು. ಕಥೆ ತನ್ನದು ಎಂದು ಬರಹಗಾರರೊಬ್ಬರು ದಾವೆ ಹೂಡಿದ್ದರು. ಕರ್ನಾಟಕ ಹೈಕೋರ್ಟ್ ಆ ತಡೆಯನ್ನು ತೆರವು ಮಾಡಿತು. ವ್ಯಾಜ್ಯವಿದ್ದದ್ದು ಚಿತ್ರಕಥೆಯ ಹಕ್ಕಿನ ಮೇಲೆ. ಆದರೆ ಕೆಮ್ಮು, ರಕ್ತ, ಹೆಂಡತಿಯ ಕಣ್ಣೀರು, ಡಾಕ್ಟರ ಮಾತು ಇವೆಲ್ಲ ಇರುವ ಕೋಣೆಯ ಕಥೆ ಯಾರ ಸ್ವತ್ತು ಎಂಬುದು ಯಾವ ನ್ಯಾಯಾಲಯದ ಮುಂದೆಯೂ ಬರುವ ಪ್ರಶ್ನೆಯಲ್ಲ. ಸಿನಿಮಾಕ್ಕೆ ಕಾಯಿಲೆ ಬೇಕು, ಒಪ್ಪಿಕೊಳ್ಳೋಣ. ಸಾಯುತ್ತಿರುವ ಕೋಚ್ ಗೆಲ್ಲುವ ತಂಡ ಎಂಬ ಎಳೆ ಪ್ರೇಕ್ಷಕರನ್ನು ಹಿಡಿದು ಕೂರಿಸುತ್ತದೆ. ಆದರೆ ಚಿತ್ರ ನೋಡಿ ಹೊರಬಂದ ಹುಡುಗನಿಗೆ ಕ್ಯಾನ್ಸರ್ ನೆನಪಿದ್ದು, ಎಡಗಾಲಿನ ಪಂದ್ಯಾವಳಿ ಗೊತ್ತೇ ಇಲ್ಲದಿದ್ದರೆ ಅದು ನಷ್ಟವೇ.

ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಅವರ ಕೊನೆಯ ದಿನಗಳು ಕರ್ನಾಟಕದಲ್ಲಿ ಕಳೆದವು. ರೋಮ್ ಒಲಿಂಪಿಕ್ಸ್ ತಂಡದಲ್ಲಿ ಅವರಿದ್ದರು, ಕೋಚ್ ತಂದೆ. ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಜಕಾರ್ತಕ್ಕೆ ಹೊರಟ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ಮಗನೆಂಬ ರಿಯಾಯಿತಿ ಇಲ್ಲದ ಆ ಮನೆಯಲ್ಲಿ ಊಟದ ಹೊತ್ತಿನ ಮಾತು ಹೇಗಿತ್ತೋ, ಅದು ಅವರಿಬ್ಬರಿಗೆ ಸೇರಿದ್ದು. ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಫಿಫಾ ರೆಫ್ರಿ ಆದರು, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿಗೆ ಸಹಾಯಕ ಕೋಚ್ ಆದರು. 1998ರಲ್ಲಿ ಅವರ ಮಹೀಂದ್ರ ತಂಡ ಈಸ್ಟ್ ಬೆಂಗಾಲನ್ನು ಸೋಲಿಸಿ ಡ್ಯುರಾಂಡ್ ಕಪ್ ಎತ್ತಿತು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ. ಪಾರ್ಶ್ವವಾಯು ಬಡಿದು ಕಲಬುರಗಿಯ ಆಸ್ಪತ್ರೆ ಸೇರಿದ್ದ ಅವರು 2021ರ ಆಗಸ್ಟ್ 22ರಂದು ಅಲ್ಲೇ ಕೊನೆಯುಸಿರೆಳೆದರು. 82 ವರ್ಷ. ಸುದ್ದಿ ಸಂಸ್ಥೆಯ ವರದಿಯಲ್ಲಿ ಕಾಯಿಲೆಗೆ ಒಂದು ವಾಕ್ಯ, ಉಳಿದದ್ದೆಲ್ಲ ಕೆಲಸ. ಆ ಅಳತೆ ಸರಿಯಾಗಿತ್ತು. ಹೀಗೆ ಬರೆಯಲು ಆದದ್ದು ಹಕೀಂ ಅವರ ಕೆಲಸಕ್ಕೆ ಇಸವಿ, ಊರು, ಪಂದ್ಯ ಎಲ್ಲದರ ದಾಖಲೆ ಇದ್ದುದರಿಂದ.

ಕಾಯಿಲೆ ಮನೆಯ ಮಾತು ಎನ್ನುವುದನ್ನು ಉತ್ತರ ಬೆಂಗಳೂರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದ ಸಾವಿರಾರು ಜನರ ವಿಳಾಸವನ್ನು ಸರ್ಕಾರವೇ ಪ್ರಕಟಿಸಿತು. ಪಟ್ಟಿಯಲ್ಲಿ ಹೆಸರಿರಲಿಲ್ಲ, ಮನೆ ನಂಬರ್, ಅಡ್ಡರಸ್ತೆ, ಬಡಾವಣೆ ಇದ್ದ ಮೇಲೆ ಹೆಸರು ಏತಕ್ಕೆ? ಬಾಗಿಲ ಮೇಲೆ ಚೀಟಿ, ಕೈ ಮೇಲೆ ಮುದ್ರೆ. ಹಾಲಿನವನು ಗೇಟಿನ ಹೊರಗೇ ನಿಂತ, ಕೆಲಸದವಳು ಬರುವುದು ಬಿಟ್ಟಳು, ಅಕ್ಕಪಕ್ಕದವರು ಕಿಟಕಿ ಹಾಕಿಕೊಂಡರು. ಕೊರೊನಾ ರೋಗಿಗಳ ಮನೆಗೆ ಚೀಟಿ ಅಂಟಿಸುವುದು ಸಕ್ಷಮ ಪ್ರಾಧಿಕಾರದ ಆದೇಶವಿಲ್ಲದೆ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ವರ್ಷ ಡಿಸೆಂಬರ್ 9ರಂದು. ಅಷ್ಟರಲ್ಲಿ ಎಷ್ಟೋ ಮನೆಗಳು ಬೀದಿಯ ಕಣ್ಣಿಗೆ ಬಿದ್ದು ನೊಂದಾಗಿತ್ತು.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪು ಕರ್ನಾಟಕದ ಒಬ್ಬರ ಹೆಸರಲ್ಲೇ ನಿಂತಿದೆ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಡಾಕ್ಟರಿಗೂ ಕಟ್ಟುಪಾಡಿದೆ: 2002ರ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ ರೋಗಿಯ ಗುಟ್ಟನ್ನು ಹೊರಹಾಕುವಂತಿಲ್ಲ, ನ್ಯಾಯಾಲಯದ ಆದೇಶ, ಮತ್ತೊಬ್ಬರ ಜೀವಕ್ಕೆ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇವು ಮಾತ್ರ ಹೊರತು.

ಆದರೆ ಇದೆಲ್ಲ ಬದುಕಿರುವವರಿಗೆ. ಸತ್ತವರ ಖಾಸಗಿತನ ವಾರಸುದಾರರಿಗೆ ಇಳಿದು ಬರುವುದಿಲ್ಲ ಎಂದು ಜಯಲಲಿತಾ ಕುರಿತ ಚಿತ್ರದ ಪ್ರಕರಣದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. ಅಂದರೆ ಕೋಚ್ ಉಸಿರು ನಿಂತ ಗಳಿಗೆಯಿಂದ ಅವರ ಹೆಂಡತಿ ಮಕ್ಕಳಿಗೆ ಕಾನೂನಿನ ಬೆಂಬಲ ತೆಳುವಾಗುತ್ತದೆ. ಆ ಜಾಗದಲ್ಲಿ ಉಳಿಯುವುದು ಊರಿನ ನಡತೆ, ಪತ್ರಕರ್ತರ ಸಂಯಮ, ಶಿಷ್ಯರ ವಿವೇಕ.

ಆ ಸಂಯಮ ಸಾಧ್ಯ ಎಂಬುದಕ್ಕೆ ಸ್ಪೇನ್ ಸಾಕ್ಷಿ. 2019ರ ಮಾರ್ಚ್‌ನಲ್ಲಿ ಮಾಲ್ಟಾ ವಿರುದ್ಧದ ಪಂದ್ಯಕ್ಕೆ ಸ್ಪೇನ್ ಕೋಚ್ ಲೂಯಿಸ್ ಎನ್ರಿಕೆ ಬರಲಿಲ್ಲ. ಜೂನ್‌ನಲ್ಲಿ ಹುದ್ದೆಯನ್ನೇ ಬಿಟ್ಟರು. ಕೌಟುಂಬಿಕ ಕಾರಣ ಎಂದಷ್ಟೇ ಹೇಳಿದ್ದು. ಅಲ್ಲಿನ ಪತ್ರಿಕೆಗಳು ಬಹುಮಟ್ಟಿಗೆ ಆ ಗೆರೆ ದಾಟಲಿಲ್ಲ. ಆಗಸ್ಟ್ 29ರಂದು ಅವರೇ ಬರೆದು ತಿಳಿಸಿದರು: ಒಂಬತ್ತು ವರ್ಷದ ಮಗಳು ಮೂಳೆಯ ಕ್ಯಾನ್ಸರ್‌ನಿಂದ ಹೋಗಿದ್ದಳು. ಅದೇ ವರ್ಷ ಜುಲೈನಲ್ಲಿ ಇಟಲಿಯಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ಬೊಲೊನ್ಯ ಕೋಚ್ ಸಿನಿಶಾ ಮಿಹಾಯ್ಲೊವಿಚ್ ತಮ್ಮ ರಕ್ತಕ್ಯಾನ್ಸರನ್ನು ತಾವೇ ಹೇಳಬೇಕೆಂದಿದ್ದರು. ಅಷ್ಟರೊಳಗೆ ಪತ್ರಿಕೆಯೊಂದು ಅಚ್ಚು ಹಾಕಿತು. ಒಂದಿಷ್ಟು ಪ್ರತಿ ಹೆಚ್ಚು ಮಾರುವ ಆಸೆಗೆ ಇಪ್ಪತ್ತು ವರ್ಷದ ಸ್ನೇಹ ಹಾಳಾಯಿತೆಂದು ಅವರು ಪತ್ರಿಕಾಗೋಷ್ಠಿಯಲ್ಲೇ ನೊಂದುಕೊಂಡರು. ಸ್ವೀಡನ್ನಿನ ಕೋಚ್ ಸ್ವೆನ್ ಗೊರಾನ್ ಎರಿಕ್ಸನ್ ಬೇರೆ ರೀತಿಯವರು. 2024ರ ಜನವರಿಯಲ್ಲಿ ರೇಡಿಯೊದಲ್ಲಿ ಕೂತು, ಹೆಚ್ಚೆಂದರೆ ಇನ್ನೊಂದು ವರ್ಷ ಎಂದು ತಾವಾಗಿಯೇ ಹೇಳಿದರು. ಮಾರ್ಚ್‌ನಲ್ಲಿ ಲಿವರ್‌ಪೂಲ್‌ನ ಹಳೆಯ ಆಟಗಾರರ ತಂಡಕ್ಕೆ ಒಂದು ದಿನ ಕೋಚ್ ಆಗಿ, ಜೀವಮಾನದ ಆಸೆ ತೀರಿಸಿಕೊಂಡು, ಆಗಸ್ಟ್‌ನಲ್ಲಿ ತೀರಿಕೊಂಡರು. ಹೇಳಿದ್ದು ತಪ್ಪಲ್ಲ, ಮುಚ್ಚಿಟ್ಟದ್ದೂ ತಪ್ಪಲ್ಲ. ಮೂರರಲ್ಲಿ ತಪ್ಪು ಒಂದೇ ಕಡೆ ನಡೆಯಿತು: ಹೇಳುವ ಗಳಿಗೆಯನ್ನು ರೋಗಿಯ ಕೈಯಿಂದ ಕಿತ್ತುಕೊಂಡ ಕಡೆ.

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸವನ್ನೂ ಆಡಲೇಬೇಕು. ಕ್ಯಾನ್ಸರ್ ಎಂದು ಗೊತ್ತಾದೊಡನೆ ಮಗನೋ ಅಳಿಯನೋ ಡಾಕ್ಟರ ಕೊಠಡಿಗೆ ಹಿಂತಿರುಗಿ ಬಂದು, ‘ಅಪ್ಪನಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೆ, ತಡ್ಕೊಳ್ಳಲ್ಲ’ ಅನ್ನುತ್ತಾರೆ. ರಿಪೋರ್ಟು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಉಳಿಯುತ್ತದೆ. ಮನೆಗೆ ಹೋಗುವುದು ‘ಗ್ಯಾಸ್ಟ್ರಿಕ್ ಅಂತೆ’ ಎಂಬ ಮಾತು. ಮೂವತ್ತು ವರ್ಷ ಹುಡುಗರ ಕಣ್ಣು ನೋಡಿಯೇ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹಿಡಿದ ಕೋಚ್‌ಗೆ ಇದು ಗೊತ್ತಾಗುವುದಿಲ್ಲವೇ? ಬೀದಿಗೆ ಮುಚ್ಚಿಡುವುದು ಮನೆಯವರ ಹಕ್ಕು. ರೋಗಿಗೇ ಮುಚ್ಚಿಡುವುದು ಪ್ರೀತಿಯಿಂದ ಮಾಡಿದರೂ ಅನ್ಯಾಯ. ಯಾರನ್ನು ನೋಡಬೇಕು, ಯಾರ ಸಾಲ ತೀರಿಸಬೇಕು, ಹುಡುಗರನ್ನು ಯಾರ ಕೈಗೆ ಒಪ್ಪಿಸಬೇಕು ಎಂದು ಯೋಚಿಸುವ ಕಾಲವನ್ನೇ ಅದು ನುಂಗಿಬಿಡುತ್ತದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕಡೆ ನೋವು ಶಮನದ ಆರೈಕೆ ಕೊಡುವ ತಂಡಗಳಿವೆ. ಮನೆಗೇ ಬಂದು ನೋಡುತ್ತವೆ, ಹೇಳಲಾರದ ಮಾತನ್ನು ಹೇಳುವುದಕ್ಕೂ ಜೊತೆಯಾಗುತ್ತವೆ. ಗುಣವಾಗದ ಕಾಯಿಲೆಯಲ್ಲಿ ತನಗೆ ಎಂಥ ಚಿಕಿತ್ಸೆ ಬೇಡ, ತನ್ನ ಪರ ಯಾರು ತೀರ್ಮಾನಿಸಬೇಕು ಎಂದು ಮುಂಚೆಯೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿದೆ.

ಮುಚ್ಚಿಡುವುದರಿಂದ ಹಾನಿಯಾಗುವ ಸಂದರ್ಭವೂ ಉಂಟು. ಭಾರತದ ಫುಟ್‌ಬಾಲ್ ಚರಿತ್ರೆಯನ್ನು ಬರೆದ ನೋವಿ ಕಪಾಡಿಯ ನರಗಳ ಕಾಯಿಲೆಯಿಂದ ಗಾಲಿಕುರ್ಚಿಗೆ ಬಿದ್ದರು. ನಿವೃತ್ತಿ ವೇತನವೂ ಸಿಕ್ಕಿಹಾಕಿಕೊಂಡಿತ್ತು. ಗೆಳೆಯರು ಬಹಿರಂಗವಾಗಿ ದನಿಯೆತ್ತಿದ ಮೇಲೆ ಕೇಂದ್ರ ಕ್ರೀಡಾ ಸಚಿವಾಲಯ 4 ಲಕ್ಷ ರೂಪಾಯಿ ನೆರವು ಕೊಟ್ಟಿತು. ಅವರು ತೀರಿಕೊಂಡದ್ದು 2021ರ ನವೆಂಬರ್ 18ರಂದು. ಸುಮ್ಮನಿದ್ದಿದ್ದರೆ ಅಷ್ಟೂ ಬರುತ್ತಿರಲಿಲ್ಲ. ಆದರೆ ನೆರವು ಬೇಕಾದರೆ ಮೈಯ ಸಂಕಟವನ್ನು ಊರ ಮುಂದೆ ಬಿಚ್ಚಿಡಬೇಕು ಎಂಬ ಸ್ಥಿತಿಯೇ ಕ್ರೂರ. ದಿನಗೂಲಿಯ ಹಾಗೆ ಸೆಷನ್ ಲೆಕ್ಕದಲ್ಲಿ ಸಂಬಳ ಪಡೆಯುವ ಕೋಚ್‌ಗೆ ಆರೋಗ್ಯ ವಿಮೆ ಇದ್ದರೆ ಅವರ ಮನೆಯವರು ಯಾರಿಗೂ ಸ್ಕ್ಯಾನಿಂಗ್ ರಿಪೋರ್ಟು ಕಳುಹಿಸಬೇಕಾಗಿ ಬರುವುದಿಲ್ಲ. ಖಾಸಗಿತನಕ್ಕೆ ದುಡ್ಡಿನ ಆಸರೆಯೂ ಬೇಕು.

ಜಕ್ಕೂರು, ಥಣಿಸಂದ್ರ, ಸಹಕಾರನಗರ, ಯಲಹಂಕ ಉಪನಗರ, ಎಲ್ಲಿ ನೋಡಿದರೂ ಈಗ ಬಲೆ ಕಟ್ಟಿದ ಟರ್ಫ್‌ಗಳು. ಸಂಜೆ ಐದಕ್ಕೆ ಕೋಚ್ ಸರ್ ಬೈಕಿನ ಹಿಂದೆ ಚೆಂಡಿನ ಚೀಲ ಕಟ್ಟಿಕೊಂಡು ಬರುತ್ತಾರೆ. ಕೇಸರಿ ಕೋನ್‌ಗಳನ್ನು ಹೆಜ್ಜೆ ಅಳೆದು ಇಡುತ್ತಾರೆ, ಬೆವರು ವಾಸನೆಯ ಬಿಬ್‌ಗಳನ್ನು ಹಂಚುತ್ತಾರೆ, ಲೇಸ್ ಕಟ್ಟಲು ಬಾರದ ಆರು ವರ್ಷದವನ ಮುಂದೆ ಮಂಡಿಯೂರುತ್ತಾರೆ. ಒಂದು ವಾರ ಅವರು ಬರಲಿಲ್ಲ ಎನ್ನಿ. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುರು: ‘ಸರ್‌ಗೆ ಏನಾಯ್ತು?’ ‘ಅಡ್ಮಿಟ್ ಆಗಿದ್ದಾರಂತೆ.’ ‘ಯಾವ ಹಾಸ್ಪಿಟಲ್?’ ‘ಮಕ್ಕಳಿಗೆ ಹರಡೋದೇನಲ್ವಾ?’ ಕೊನೆಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೂ ವ್ಯವಸ್ಥೆ ಇದೆ. ಕ್ಷಯ 2012ರಿಂದ ದೇಶದಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಡಾಕ್ಟರು ತಿಳಿಸುತ್ತಾರೆ, ಆರೋಗ್ಯ ಸಿಬ್ಬಂದಿ ಹತ್ತಿರ ಒಡನಾಡಿದವರನ್ನು ಪರೀಕ್ಷೆ ಮಾಡಿಸುತ್ತಾರೆ. ಇನ್ನೂರು ಜನರ ಗುಂಪಿನಲ್ಲಿ ರೋಗದ ಹೆಸರು ಹಾಕುವುದರಿಂದ ಒಂದು ಮಗುವಿಗೂ ರಕ್ಷಣೆ ಸಿಗುವುದಿಲ್ಲ. ಅಕಾಡೆಮಿ ನಡೆಸುವವರು ‘ಸರ್ ರಜೆಯಲ್ಲಿದ್ದಾರೆ, ಮಕ್ಕಳಿಗೆ ಅಪಾಯವಿಲ್ಲ, ಸೋಮವಾರದಿಂದ ಬೇರೆಯವರು ಬರುತ್ತಾರೆ’ ಎಂದು ಮೂರು ಮಾತು ಬರೆದರೆ ಪೋಷಕರಿಗೆ ತಿಳಿಯಬೇಕಾದದ್ದು ತಿಳಿದಂತೆಯೇ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ಹೆಸರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಬಂದ ಗೆಲುವು. ಕೋಚ್ ರವಿಬಾಬು ರಾಜು. ಆ ಹೆಸರು ಎಷ್ಟು ಮನೆಗಳಲ್ಲಿ ಗೊತ್ತು? ಆ ಹುಡುಗರಿಗೆ ಎಂಟು ಹತ್ತು ವರ್ಷದಲ್ಲಿ ಮೊದಲ ಪಾಸ್ ಹೇಳಿಕೊಟ್ಟವರ ಹೆಸರಂತೂ ಯಾವ ಸುದ್ದಿಯಲ್ಲೂ ಬರಲಿಲ್ಲ. ಅವರಲ್ಲಿ ಬಹುಪಾಲು ಜನ ಇನ್ನೂ ಇದ್ದಾರೆ. ಅವರ ಹಳೆಯ ಹಾಜರಿ ಪುಸ್ತಕ, ತಂಡದ ಚೀಟಿ, ಮ್ಯಾಚ್ ಫೋಟೊ, ದಿನಚರಿ ಇವೆಲ್ಲ ಅಟ್ಟದ ಮೇಲಿನ ಡಬ್ಬಿಗಳಲ್ಲಿವೆ.

ದತ್ತಿ ಎಂದರೆ ನಮ್ಮಲ್ಲಿ ತಂದೆಯ ಹೆಸರಲ್ಲೋ ಗುರುವಿನ ಹೆಸರಲ್ಲೋ ಒಂದಿಷ್ಟು ಠೇವಣಿ ಇಟ್ಟು, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಂದು ಉಪನ್ಯಾಸ ನಡೆಸುವುದು. ಆರ್.ಟಿ. ನಗರದ ಎಚ್‌ಎಂಟಿ ಮೈದಾನದಲ್ಲೋ ಯಶವಂತಪುರದ ಶಾಲೆಯ ಅಂಗಳದಲ್ಲೋ ಮಕ್ಕಳನ್ನು ಆಡಿಸಿದ ಕೋಚ್‌ಗಳ ಹೆಸರಲ್ಲಿ ಇಂಥ ದತ್ತಿಗಳು ಇನ್ನಷ್ಟು ಬರಲಿ. ಜೊತೆಗೆ ಒಂದು ಕೆಲಸ ಆಗಲಿ: ಕೋಚ್ ಗಟ್ಟಿಯಾಗಿರುವಾಗಲೇ ಹಳೆಯ ಶಿಷ್ಯರಿಬ್ಬರು ಹೋಗಿ ಎದುರಿಗೆ ಕೂತು, ಯಾವ ವಯಸ್ಸಿಗೆ ಯಾವ ಅಭ್ಯಾಸ, ಮಳೆಗಾಲದಲ್ಲಿ ಏನು, ಸೋತಾಗ ಏನು ಎಂದು ಕೇಳಿ ರೆಕಾರ್ಡ್ ಮಾಡಿಕೊಳ್ಳಲಿ. ಬರೆದದ್ದನ್ನು ಮೊದಲು ಅವರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ ಓದಿ ಹೇಳಲಿ. ಮನೆಯವರು ಇದು ಬೇಡ ಎಂದ ಸಾಲನ್ನು, ಕಾರಣ ಕೇಳದೆ, ಹೊಡೆದು ಹಾಕಲಿ.